ಸಮೀಕರಣವು ಸರಳರೇಖೆಯಾದ ಬಗೆ

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನ ಗಣಿತದ ಪುಸ್ತಕವನ್ನು ತೆರೆದು ನೋಡಿದರೆ, ಚೌಕುಳಿ ಕಾಗದದ ಮೇಲೆ ಅಡ್ಡಲಾಗಿ ಒಂದು ಗೆರೆ, ನೆಟ್ಟಗೆ ಮೇಲಕ್ಕೆ ಒಂದು ಗೆರೆ, ಇವೆರಡನ್ನೂ ಹಾಯ್ದು ಓರೆಯಾಗಿ ಏರುವ ಮೂರನೆಯದೊಂದು ಗೆರೆ ಕಾಣಬರುವುದು. ಓರೆಗೆರೆಯ ಮಗ್ಗುಲಲ್ಲಿ ಒಂದು ಸಮೀಕರಣವನ್ನು ಬರೆದಿರುವುದುಂಟು. ಈ ಗೆರೆಯನ್ನು ಹೇಗೆ ಎಳೆದೆಯಪ್ಪಾ ಎಂದು ಕೇಳಿದರೆ, ಮೂರು ಚುಕ್ಕೆಗಳನ್ನು ಗುರುತು ಮಾಡಿಕೊಂಡು ಸ್ಕೇಲಿನಿಂದ ಕೂಡಿಸಿದೆನೆಂದು ಹುಡುಗನು ಹೇಳುವನು. ಉತ್ತರವೇನೋ ಸರಿಯೇ. ಆದರೆ ಅಕ್ಷರಗಳೂ ಅಂಕಿಗಳೂ ಸೇರಿ ಆದ ಒಂದು ವಾಕ್ಯವು ಗೆರೆಯ ರೂಪವನ್ನು ತಾಳುವುದು ಸಾಮಾನ್ಯವಾದ ಸಂಗತಿಯಲ್ಲ. ಅಂತಹ ರೂಪಾಂತರವು ಸಾಧ್ಯವೆಂಬುದು ಮನುಷ್ಯನಿಗೆ ತಿಳಿಯಲು ಬಹು ಶತಮಾನಗಳು ಹಿಡಿದುವು.

ಇದನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಸಿದ್ಧವಾದ ಕಥೆಯೊಂದುಂಟು. ಫ್ರಾನ್ಸ್ ದೇಶದ ತತ್ತ್ವಜ್ಞಾನಿ ರೆನೆ ಡೇಕಾರ್ಟನು ಹಾಸಿಗೆಯಲ್ಲಿ ಮಲಗಿ, ಸೂರಿನ ಮೇಲೆ ಹರಿದಾಡುತ್ತಿದ್ದ ನೊಣವೊಂದನ್ನು ನೋಡುತ್ತ, ಅದು ಈ ಗೋಡೆಯಿಂದ ಎಷ್ಟು ದೂರ, ಆ ಗೋಡೆಯಿಂದ ಎಷ್ಟು ದೂರ ಎಂದು ಯೋಚಿಸಿದನಂತೆ. ಒಡನೆಯೇ ಈ ಶಾಸ್ತ್ರವೆಲ್ಲ ಹೊಳೆಯಿತಂತೆ. ಮಕ್ಕಳಿಗೆ ಹೇಳುವುದಕ್ಕೆ ಕಥೆಯು ಚೆನ್ನಾಗಿದೆ. ಆದರೆ ಡೇಕಾರ್ಟನು ತಾನಾಗಿ ಬರೆದುದರಲ್ಲಿ ಇದಕ್ಕೆ ಆಧಾರವಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಕಥೆಯನ್ನು ನಂಬಿದವನಿಗೆ ನಿಜವಾದ ಚರಿತ್ರೆಯಲ್ಲಿ ದುಡಿದವರ ಹೆಸರೇ ತಿಳಿಯದೆ ಹೋಗುವುದು. ಆ ಹೆಸರುಗಳನ್ನು ಅವುಗಳಿಗೆ ಸಲ್ಲುವ ಸ್ಥಳದಲ್ಲಿ ಇಡುವುದೇ ನಮ್ಮ ಇಂದಿನ ಉದ್ದೇಶ.

ಮೊದಲು ವಿಷಯವೇನೆಂಬುದು ಸ್ಪಷ್ಟವಾಗಬೇಕು. ಶ್ರೋತೃಗಳ ಮುಂದೆ ಕರಿಹಲಗೆಯಿಲ್ಲ, ನಮ್ಮ ಕೈಯಲ್ಲಿ ಸೀಮೆಸುಣ್ಣವೂ ಇಲ್ಲ. ಚಿತ್ರವನ್ನು ಕಿವಿಯ ಮೂಲಕ ತಲುಪಿಸುವುದು ಹೇಗೆಂದು ಕೆಲವರಿಗೆ ಸಂದೇಹ ಬಂದೀತು. ಈ ಶಾಸ್ತ್ರಕ್ಕೆ ಮಾತ್ರ ಅದು ಅಡ್ಡಿಯಾಗದು. ಚಿತ್ರವನ್ನು ಅಂಕಿಗಳ ಮೂಲಕ ಹೇಳುವುದೇ ಇದರ ಸಾಮರ್ಥ್ಯವಾಗಿದೆ.

ನಮ್ಮ ಹೆಂಗಸರು ಬಾಗಿಲ ಮುಂದೆ ಚುಕ್ಕಿಗಳನ್ನಿಟ್ಟು ರಂಗವಲ್ಲಿ ಹಾಕುವುದನ್ನು ಎಲ್ಲರೂ ಬಲ್ಲರು. ಅಂತಹ ಚುಕ್ಕಿಗಳ ಬಯಲೊಂದು ನಾಲ್ಕು ದಿಕ್ಕಿಗೂ ಹರಡಿದೆಯೆಂದು ಭಾವಿಸಿಕೊಳ್ಳೋಣ. ಚುಕ್ಕಿಯಿಂದ ಚುಕ್ಕಿಗೆ ಒಂದೇ ಅಂತರ. ನಡುವಣ ಒಂದು ಚುಕ್ಕಿಯನ್ನು ಆರಿಸಿ ಅದಕ್ಕೆ ಮೂಲಬಿಂದುವೆಂದು ಹೆಸರಿಡೋಣ. ಅದರ ಮೂಲಕ ಪೂರ್ವಪಶ್ಚಿಮವಾಗಿ ಹೋಗುವ ಸಾಲು ಒಂದು ಅಕ್ಷ, ದಕ್ಷಿಣೋತ್ತರವಾಗಿ ಹೋಗುವ ಸಾಲು ಇನ್ನೊಂದು ಅಕ್ಷ. ಪೂರ್ವಕ್ಕೆ ನಡೆದ ಹೆಜ್ಜೆಗಳನ್ನು ‘ಕ್ಷ’ ಎಂದೂ ಉತ್ತರಕ್ಕೆ ನಡೆದ ಹೆಜ್ಜೆಗಳನ್ನು ‘ಯ’ ಎಂದೂ ಕರೆಯೋಣ. ಪಶ್ಚಿಮಕ್ಕೋ ದಕ್ಷಿಣಕ್ಕೋ ನಡೆದರೆ ಆ ಸಂಖ್ಯೆಗಳು ಋಣಸಂಖ್ಯೆಗಳಾಗುವುವು. ಹೀಗೆ ಎರಡು ಸಂಖ್ಯೆಗಳನ್ನು ಹೇಳಿದರೆ ಬಯಲಿನಲ್ಲಿ ಒಂದು ಸ್ಥಳವು ಗೊತ್ತಾಗುವುದು. ಬೇರೆ ಯಾವ ಸ್ಥಳಕ್ಕೂ ಆ ಜೋಡಿಯು ಸಲ್ಲದು.

ಈಗ ಯ = 2ಕ್ಷ + 1 ಎಂಬ ಸಮೀಕರಣವನ್ನು ತೆಗೆದುಕೊಳ್ಳೋಣ. ಕ್ಷ ಸೊನ್ನೆಯಾದರೆ ಯ 1. ಕ್ಷ 1 ಆದರೆ ಯ 3. ಕ್ಷ 2 ಆದರೆ ಯ 5. ಹಿಂದಕ್ಕೆ ಹೋಗಿ ಕ್ಷ −1 ಎಂದರೆ ಯ ಸಹ −1. ಈ ಚುಕ್ಕಿಗಳನ್ನು ಗುರುತಿಸಿ ನೋಡಿದರೆ ಅವು ಒಂದೇ ನೇರದಲ್ಲಿ ನಿಂತಿರುವುವು. ಇದಕ್ಕೆ ಕಾರಣ ಸುಲಭ: ಪೂರ್ವಕ್ಕೆ ಒಂದು ಹೆಜ್ಜೆಯಿಟ್ಟಾಗಲೆಲ್ಲ ಉತ್ತರಕ್ಕೆ ಎರಡು ಹೆಜ್ಜೆ ಏರಬೇಕಾಗಿದೆ. ಎಲ್ಲಿ ನಿಂತು ನೋಡಿದರೂ ಏರಿಕೆಯ ಪ್ರಮಾಣ ಒಂದೇ. ಹೀಗೆ ಉಂಟಾಗುವ ಚಿಕ್ಕದೊಡ್ಡ ತ್ರಿಕೋನಗಳೆಲ್ಲ ಒಂದೇ ಆಕಾರದವು. ಒಂದೇ ಆಕಾರದ ತ್ರಿಕೋನಗಳನ್ನು ಒಂದೇ ಮೂಲೆಯಿಂದ ಜೋಡಿಸಿದರೆ ಅವುಗಳ ಓರೆಬಾಹುಗಳು ಒಂದೇ ಗೆರೆಯಾಗುವುದನ್ನು ಯೂಕ್ಲಿಡನನ್ನು ಓದಿದವರು ಬಲ್ಲರು. ಸಮೀಕರಣದಲ್ಲಿರುವ 2 ಎಂಬುದು ಏರಿಕೆಯ ಕಡಿದನ್ನು ಹೇಳುವುದು, 1 ಎಂಬುದು ಗೆರೆಯು ದಕ್ಷಿಣೋತ್ತರದ ಅಕ್ಷವನ್ನು ಎಲ್ಲಿ ದಾಟುವುದೆಂಬುದನ್ನು ಹೇಳುವುದು. ಎರಡರ ಮುಂದೆ ಋಣಚಿಹ್ನೆಯಿದ್ದರೆ ಗೆರೆಯು ಏರುವುದಕ್ಕೆ ಬದಲಾಗಿ ಇಳಿಯುವುದು. ಗೆರೆಯನ್ನು ಎಳೆಯಲು ಎರಡು ಚುಕ್ಕಿಗಳು ಸಾಕು; ಮೂರನೆಯದು ಲೆಕ್ಕ ತಪ್ಪಿಲ್ಲವೆಂಬುದಕ್ಕೆ ಸಾಕ್ಷಿ. ಸಮೀಕರಣವು 3ಕ್ಷ + 5ಯ = 15 ಎಂಬ ರೂಪದಲ್ಲಿದ್ದರೆ ಇನ್ನೂ ಸುಲಭ: ಕ್ಷ ಸೊನ್ನೆಯೆಂದರೆ ಯ 3, ಯ ಸೊನ್ನೆಯೆಂದರೆ ಕ್ಷ 5; ಎರಡು ಅಕ್ಷಗಳ ಮೇಲಣ ಈ ಎರಡು ಸ್ಥಳಗಳನ್ನು ಕೂಡಿಸಿದರೆ ಕೆಲಸ ಮುಗಿಯಿತು.

ಇಷ್ಟು ಮಾತ್ರದ ಕೆಲಸಕ್ಕೆ ಅಷ್ಟು ಕಾಲ ಹಿಡಿದುದೇಕೆ? ಇದರಲ್ಲಿ ಮೂರು ಭಾವನೆಗಳು ಹಾಸುಹೊಕ್ಕಾಗಿ ಸೇರಿರುವುವು. ಎರಡು ಅವ್ಯಕ್ತಗಳುಳ್ಳ ಸಮೀಕರಣ ಒಂದು. ಋಣಸಂಖ್ಯೆಯೆಂದರೆ ಎದುರು ದಿಕ್ಕೆಂಬ ತಿಳಿವಳಿಕೆ ಎರಡು. ಬದಲಾಗುತ್ತ ಹೋಗುವ ಪರಿಮಾಣವನ್ನು ಗೆರೆಯಾಗಿ ಚಿತ್ರಿಸುವುದು ಮೂರು. ಇವು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ, ಒಂದನ್ನೊಂದು ಅರಿಯದೆ ಹುಟ್ಟಿದುವು.

ಮೊದಲನೆಯದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿಸ್ತಶಕ 850ರ ಸುಮಾರಿನಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಆದಿಯಲ್ಲಿ ನೃಪತುಂಗನ ಪ್ರಶಂಸೆಯಿದೆ. ಅದರಲ್ಲಿ ಬರುವ ಲೆಕ್ಕವೊಂದು ಹೀಗಿದೆ: ಬಾಳೆಹಣ್ಣಿನ 63 ಸಮನಾದ ರಾಶಿಗಳೂ ಅವುಗಳ ಮೇಲೆ 7 ಬಿಡಿ ಹಣ್ಣುಗಳೂ ಇವೆ; 23 ಮಂದಿ ಪ್ರಯಾಣಿಕರು ಅವೆಲ್ಲವನ್ನೂ ಸಮನಾಗಿ ಹಂಚಿಕೊಂಡರು; ಒಂದೊಂದು ರಾಶಿಯಲ್ಲಿದ್ದ ಹಣ್ಣುಗಳೆಷ್ಟು? ರಾಶಿಯ ಹಣ್ಣುಗಳನ್ನು ಕ್ಷ ಎಂದೂ ಒಬ್ಬನ ಪಾಲನ್ನು ಯ ಎಂದೂ ಇಟ್ಟುಕೊಂಡರೆ 63ಕ್ಷ + 7 = 23ಯ ಎಂದಾಗುವುದು. ಅವ್ಯಕ್ತಗಳು ಎರಡು, ಸಮೀಕರಣ ಒಂದೇ. ಇಂತಹ ಲೆಕ್ಕಗಳಿಗೆ ಪೂರ್ಣಸಂಖ್ಯೆಯ ಉತ್ತರಗಳನ್ನು ತೆಗೆಯುವ ಉಪಾಯಕ್ಕೆ ನಮ್ಮವರು ಕುಟ್ಟಕವೆಂದು ಹೆಸರಿಟ್ಟಿದ್ದರು. ಕ್ರಿಸ್ತಶಕ 499ರಷ್ಟು ಹಿಂದೆಯೇ ಆರ್ಯಭಟನು ಅದನ್ನು ಸೂತ್ರರೂಪವಾಗಿ ಹೇಳಿದ್ದನು. ಮಹಾವೀರನ ಲೆಕ್ಕಕ್ಕೆ ಉತ್ತರ: ರಾಶಿಗೆ 5 ಹಣ್ಣು, ಒಬ್ಬನಿಗೆ 14. ಮುಂದಿನ ಉತ್ತರ 28 ಮತ್ತು 77.

ಈ ಸಮೀಕರಣವನ್ನು ನಮ್ಮ ರಂಗವಲ್ಲಿಯ ಬಯಲಿನಲ್ಲಿ ಎಳೆದು ನೋಡಿದರೆ ಒಂದು ಸೊಗಸು ಕಾಣುವುದು. ಗೆರೆಯು ಮೂಲಬಿಂದುವಿನ ಸ್ವಲ್ಪ ಮೇಲುಗಡೆ ಹೊರಟು ಕಡಿದಾಗಿ ಏರುತ್ತ, ಪೂರ್ವಕ್ಕೆ 5, ಉತ್ತರಕ್ಕೆ 14 ಇರುವ ಚುಕ್ಕಿಯ ಮೇಲೆ ಸರಿಯಾಗಿ ಹಾಯುವುದು. ಅಲ್ಲಿಂದ ಮುಂದೆ ಬಲು ದೂರ ಚುಕ್ಕಿಗಳ ನಡುವೆ ನುಸುಳಿಕೊಂಡು ಹೋಗುವುದೇ ಹೊರತು ಒಂದನ್ನೂ ಮುಟ್ಟದು. 28 ಮತ್ತು 77ರ ಚುಕ್ಕಿಯನ್ನೇ ಅದು ಮತ್ತೆ ಮುಟ್ಟುವುದು. ಗೆರೆಯು ಯಾವ ಯಾವ ಚುಕ್ಕಿಗಳನ್ನು ಮುಟ್ಟುವುದೆಂಬುದನ್ನು ಹೇಳುವುದೇ ಕುಟ್ಟಕ. ನಡುವಣ ಸ್ಥಳಗಳೂ ಸಮೀಕರಣಕ್ಕೆ ಒಪ್ಪುವುವು. ಕ್ಷ 10 ಎಂದರೆ ಯ 27ರ ಮೇಲೆ ಇಪ್ಪತ್ತಮೂರರಲ್ಲಿ ಹದಿನಾರು ಪಾಲು. ಆದರೆ ಬಾಳೆಹಣ್ಣನ್ನು ಹಾಗೆ ಕೊಯ್ದು ಹಂಚುವುದುಂಟೇ? ಮಹಾವೀರನಿಗೆ ಬೇಕಾದುದು ಚುಕ್ಕಿಗಳು. ಚುಕ್ಕಿಗಳ ನಡುವಣ ಗೆರೆಯು ಅವನಿಗೆ ಬೇಡವಾಗಿತ್ತು. ಅದನ್ನು ಅವನು ಎಳೆಯಲಿಲ್ಲ. ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಹೇಳಿಕೊಳ್ಳುವ ಚಾಪಲ್ಯವು ಕೆಲವರಿಗುಂಟು. ಅವರು ಕಂಡುದು ಅಷ್ಟು ದೊಡ್ಡದಾಗಿರುವಾಗ ಕಾಣದುದನ್ನು ಅವರ ತಲೆಗೆ ಕಟ್ಟಬೇಕಾದ ಅವಶ್ಯಕತೆಯಿಲ್ಲ.

ಋಣಸಂಖ್ಯೆಯ ವಿಷಯದಲ್ಲಿಯೂ ನಮ್ಮ ದೇಶವು ಮುಂದಾಗಿತ್ತು. 628ರಲ್ಲಿ ಬ್ರಹ್ಮಗುಪ್ತನು ಧನ, ಋಣ, ಶೂನ್ಯ ಇವುಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕೊಟ್ಟನು. ಆಸ್ತಿ ಮತ್ತು ಸಾಲವೆಂಬ ಹೆಸರುಗಳೇ ಅರ್ಥವನ್ನು ತಿಳಿಸುತ್ತವೆ. ಅವ್ಯಕ್ತಗಳು ಹಲವಾದಾಗ ಅವುಗಳಿಗೆ ಬಣ್ಣಗಳ ಹೆಸರನ್ನಿಟ್ಟು, ಕಾಲಕ, ನೀಲಕ, ಪೀತಕವೆಂದು ಮುಂತಾಗಿ ಕರೆದು, ಮೊದಲಕ್ಷರದಿಂದ ಬರೆಯುತ್ತಿದ್ದರು. ಆದರೆ ಸಾಲವೆಂಬ ಅರ್ಥದಿಂದ ದಿಕ್ಕೆಂಬ ಅರ್ಥಕ್ಕೆ ಬರುವುದು ಇನ್ನೊಂದು ಮಜಲು. 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ‘ಲೀಲಾವತಿ’ಯಲ್ಲಿ ಅದು ಅನಿರೀಕ್ಷಿತವಾದ ಕಡೆಯಲ್ಲಿ ಕಾಣುವುದು. ತ್ರಿಕೋನವೊಂದರ ಎರಡು ಬಾಹುಗಳು 10 ಮತ್ತು 17, ಭೂಮಿಯು 9. ಶಿಖರದಿಂದ ಲಂಬವನ್ನು ಬಿಟ್ಟರೆ ಭೂಮಿಯು ಎಂತಹ ಎರಡು ಭಾಗಗಳಾಗುವುದೆಂಬುದು ಪ್ರಶ್ನೆ. ಲೆಕ್ಕ ಮಾಡಿದರೆ ಒಂದು ಭಾಗ 15, ಇನ್ನೊಂದು 6; ಆದರೆ ಆ ಆರು ಋಣ. ಭಾಸ್ಕರನು ಇದಕ್ಕೆ ಅಂಜಲಿಲ್ಲ. ಋಣವೆಂದರೆ ಆ ಭಾಗವು ಎದುರು ದಿಕ್ಕಿನಲ್ಲಿದೆಯೆಂದು ತಿಳಿಯಬೇಕೆಂದು ವಿವರಿಸಿ, ಲಂಬವು 8, ಕ್ಷೇತ್ರಫಲವು 36 ಎಂದು ಮುಗಿಸಿದನು. ಚಿತ್ರವನ್ನು ಬರೆದು ನೋಡಿದರೆ ಲಂಬವು ಭೂಮಿಯ ಹೊರಗೆ ಬೀಳುವುದು. ಭೂಮಿಯ ಎಡತುದಿಯಿಂದ ಎಡಕ್ಕೆ ಆರು ಹೆಜ್ಜೆ. ಸೊನ್ನೆಯ ಆಚೆಗೂ ಅಳತೆಯು ಮುಂದುವರಿಯುವುದೆಂಬ ಭಾವನೆಯೇ ಇದು. ಯೂರೋಪಿನವರು ಈ ಮಾತಿಗೆ ಬರಲು ಇನ್ನೂ ಐದುನೂರು ವರ್ಷಗಳಾದುವು.

ಮೂರನೆಯ ಭಾವನೆಯನ್ನು ಹುಡುಕಿಕೊಂಡು ಈಗ ಪಶ್ಚಿಮಕ್ಕೆ ಹೋಗಬೇಕು. ಅಲ್ಲಿ ಕ್ರಿಸ್ತಪೂರ್ವ 200ರ ಸುಮಾರಿಗೆ ಗ್ರೀಕ್ ಪಂಡಿತನಾದ ಅಪೊಲೋನಿಯಸನು ಶಂಕುವನ್ನು ಕತ್ತರಿಸಿದಾಗ ಉಂಟಾಗುವ ವಕ್ರರೇಖೆಗಳ ಗುಣಗಳನ್ನು, ಅವುಗಳ ಮೇಲೆಯೇ ಎಳೆದ ಆಧಾರರೇಖೆಗಳಿಂದ ಅಳೆದು ಹೇಳಿದ್ದನು. ಅವನಲ್ಲಿ ವಕ್ರರೇಖೆಯು ಮೊದಲು, ಅಳತೆಯ ಗೆರೆಗಳು ಅನಂತರ. ನಿಯಮವನ್ನು ಮೊದಲು ಹೇಳಿ ಅದರಿಂದ ರೇಖೆಯನ್ನು ಹುಟ್ಟಿಸುವ ಯೋಚನೆಯು ಅವನದಲ್ಲ. 14ನೆಯ ಶತಮಾನದಲ್ಲಿ ಪ್ಯಾರಿಸಿನ ನಿಕೊಲಾ ಓರೆಮನೆಂಬ ವಿದ್ವಾಂಸನು, ಮುಂದೆ ಲಿಸ್ಯೂ ಎಂಬಲ್ಲಿ ಬಿಷಪ್ಪನಾಗಿ 1382ರಲ್ಲಿ ಕಾಲವಾದವನು, ಇನ್ನೊಂದು ಬಗೆಯನ್ನು ತೋರಿಸಿದನು. ವೇಗವು ಬದಲಾಗುತ್ತ ಹೋಗುವ ಚಲನೆಯನ್ನು ಚಿತ್ರಿಸಲು ಕಾಲವನ್ನು ಅಡ್ಡಗೆರೆಯಾಗಿ ಎಳೆದು, ಒಂದೊಂದು ಕ್ಷಣದ ವೇಗವನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿದನು. ವೇಗವು ಒಂದೇ ಸಮನಾಗಿ ಹೆಚ್ಚುತ್ತಿದ್ದರೆ ನೆಟ್ಟ ಗೆರೆಗಳ ತುದಿಗಳು ಓರೆಯಾದ ಸರಳರೇಖೆಯಲ್ಲಿ ನಿಲ್ಲುವುವು. ಇಂದಿನ ಹುಡುಗನ ಚಿತ್ರವೇ ಇದು! ಆದರೆ ಓರೆಮನಲ್ಲಿ ಚಿತ್ರವುಂಟು, ಸಮೀಕರಣವಿಲ್ಲ. ಅವ್ಯಕ್ತವನ್ನು ಅಕ್ಷರದಿಂದ ಬರೆದು ಆಡಿಸುವ ಅನುಕೂಲತೆಯು ಅವನ ಕಾಲದ ಯೂರೋಪಿಗೆ ಇರಲಿಲ್ಲ.

ಆ ಅನುಕೂಲತೆಯನ್ನು ಒದಗಿಸಿದವನು 16ನೆಯ ಶತಮಾನದ ಕೊನೆಯಲ್ಲಿದ್ದ ಫ್ರಾನ್ಸಿನ ವಿಯೇಟ್. ತಿಳಿಯದ ಪರಿಮಾಣಗಳಿಗೆ ಸ್ವರಾಕ್ಷರಗಳು, ತಿಳಿದವುಗಳಿಗೆ ವ್ಯಂಜನಾಕ್ಷರಗಳು ಎಂದು ಅವನು ಏರ್ಪಡಿಸಿದನು. ಅವನ ಗ್ರಂಥಗಳನ್ನೂ ಗ್ರೀಕರನ್ನೂ ಬಲು ಶ್ರದ್ಧೆಯಿಂದ ಓದಿದವನು ಪಿಯೇರ್ ದ ಫರ್ಮಾ. ಇವನೇ ನಮ್ಮ ಕಥೆಯ ನಾಯಕನೆಂದು ನಾವು ಎಣಿಸುತ್ತೇವೆ. ಫರ್ಮಾ ವೃತ್ತಿಯಿಂದ ಗಣಿತಜ್ಞನಲ್ಲ. ತುಲೂಜ್ ನಗರದ ನ್ಯಾಯಸ್ಥಾನದಲ್ಲಿ 1631ರಿಂದ ಸಲಹೆಗಾರನ ಪದವಿಯಲ್ಲಿದ್ದನು. ಕಚೇರಿಯ ಕೆಲಸದಿಂದ ಬಿಡುವಾದಾಗ ಗಣಿತ. ತನ್ನ ಹೆಸರಿನಲ್ಲಿ ಪುಸ್ತಕವನ್ನು ಅಚ್ಚುಹಾಕಿಸಲು ಅವನಿಗೆ ಮನಸ್ಸಿಲ್ಲ. ಕಂಡುಹಿಡಿದುದನ್ನು ಗೆಳೆಯರಿಗೆ ಕಾಗದದಲ್ಲಿ ಬರೆದು ಸುಮ್ಮನಾಗುತ್ತಿದ್ದನು. ಪುಸ್ತಕವೊಂದರ ಅಂಚಿನಲ್ಲಿ ಅವನು ಗೀಚಿದ ಒಂದು ಮಾತನ್ನು ಸಾಧಿಸಲು ಜಗತ್ತಿನ ಗಣಿತಜ್ಞರು ಮುನ್ನೂರೈವತ್ತು ವರ್ಷಗಳ ಕಾಲ ಹೆಣಗಿ 1995ರಲ್ಲಿ ಸಾಧನೆಯನ್ನು ಅಚ್ಚಿನಲ್ಲಿ ಕಂಡ ಸಂಗತಿಯು ಪ್ರಸಿದ್ಧವೇ ಆಗಿದೆ.

1636ರ ಸುಮಾರಿನಲ್ಲಿ, ಡೇಕಾರ್ಟನ ಗ್ರಂಥವನ್ನು ಕಾಣುವುದಕ್ಕೆ ಮುನ್ನ, ಫರ್ಮಾ ಲ್ಯಾಟಿನ್ ಭಾಷೆಯಲ್ಲಿ ಒಂದು ಸಣ್ಣ ಪ್ರಬಂಧವನ್ನು ಬರೆದನು. ಅಂತಿಮ ಸಮೀಕರಣವೊಂದರಲ್ಲಿ ಎರಡು ಅವ್ಯಕ್ತಗಳು ಉಳಿದರೆ, ಅವುಗಳಲ್ಲಿ ಒಂದರ ತುದಿಯು ಸರಳವಾದ ಅಥವಾ ವಕ್ರವಾದ ಒಂದು ರೇಖೆಯನ್ನು ಬರೆಯುವುದೆಂಬುದು ಅದರ ಸಾರ. ಆರ್ಯಭಟನೂ ಮಹಾವೀರನೂ ಪೂರ್ಣಸಂಖ್ಯೆಯ ಬಿಡಿ ಉತ್ತರಗಳನ್ನು ಹುಡುಕಿದ ಜಾತಿಯ ಸಮೀಕರಣಕ್ಕೆ ಉತ್ತರಗಳು ಲೆಕ್ಕವಿಲ್ಲದಷ್ಟಿವೆಯೆಂಬುದೂ, ಅವೆಲ್ಲ ಸೇರಿ ಒಂದು ಅಖಂಡವಾದ ಆಕಾರವಾಗುತ್ತವೆಂಬುದೂ ಇಲ್ಲಿ ಮೊದಲ ಸಲ ನಿಯಮವಾಗಿ ಹೊರಬಿದ್ದಿತು. ಫರ್ಮಾ ಎತ್ತಿಕೊಂಡ ಮೊದಲನೆಯ ಉದಾಹರಣೆಯು ಎಲ್ಲಕ್ಕಿಂತ ಸರಳವಾದುದು: ಪ್ರಥಮ ಘಾತದ ಸಮೀಕರಣ, ಅದರ ರೂಪವಾದ ಸರಳರೇಖೆ. ಸ್ಥಿರವಾದ ಬಿಂದುವಿನಿಂದ ಒಂದು ಗೆರೆಯ ಮೇಲೆ ಮೊದಲನೆಯ ಅವ್ಯಕ್ತವನ್ನು ಅಳೆದು, ಅದರ ತುದಿಯಲ್ಲಿ ಎರಡನೆಯದನ್ನು ಗೊತ್ತಾದ ಕೋನದಲ್ಲಿ ನಿಲ್ಲಿಸಿದನು. ಒಂದು ಸ್ಥಿರಾಂಕದಿಂದ ಗುಣಿಸಿದ ಮೊದಲನೆಯದು ಇನ್ನೊಂದು ಸ್ಥಿರಾಂಕದಿಂದ ಗುಣಿಸಿದ ಎರಡನೆಯದಕ್ಕೆ ಸಮನಾದರೆ, ಅವೆರಡರ ಪ್ರಮಾಣವು ಬದಲಾಗದು, ತ್ರಿಕೋನದ ಆಕಾರವು ಬದಲಾಗದು, ಆದಕಾರಣ ತುದಿಯು ಸರಳರೇಖೆಯಲ್ಲಿಯೇ ಚಲಿಸಬೇಕೆಂದು ತೋರಿಸಿದನು. ನಾವು ಮೇಲೆ ಹೇಳಿದ ಕಾರಣವೂ ಇದೇ.

ಈ ಪ್ರಬಂಧವು ಕೈಬರಹದಲ್ಲಿಯೇ ಉಳಿಯಿತು. ಫರ್ಮಾ 1665ರಲ್ಲಿ ತೀರಿಹೋದನು. ಅವನ ಮಗ ಸಾಮ್ಯುಯೆಲನು ತಂದೆಯ ಬರಹಗಳನ್ನು ಸೇರಿಸಿ ತುಲೂಜಿನಲ್ಲಿ ಅಚ್ಚು ಮಾಡಿಸಿದುದು 1679ರಲ್ಲಿ. ಅಷ್ಟರೊಳಗೆ ನಲವತ್ತೆರಡು ವರ್ಷಗಳಿಂದ ಇನ್ನೊಬ್ಬನ ಪುಸ್ತಕವು ಪಂಡಿತರ ಕೈಯಲ್ಲಿ ಓಡಾಡುತ್ತಿದ್ದಿತು.

ಆ ಪುಸ್ತಕವೇ ಡೇಕಾರ್ಟನ ‘ಜಿಯೊಮೆತ್ರಿ’. 1637ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ, ಗ್ರಂಥಕರ್ತನ ಹೆಸರಿಲ್ಲದೆ, ಫ್ರೆಂಚ್ ಭಾಷೆಯಲ್ಲಿ ಅಚ್ಚಾದ ಒಂದು ತತ್ತ್ವಗ್ರಂಥಕ್ಕೆ ಮೂರು ಅನುಬಂಧಗಳಿದ್ದುವು; ಅವುಗಳಲ್ಲಿ ಇದು ಒಂದು. ಅದರ ಹಿರಿಮೆಯನ್ನು ನಾವು ಕಡಮೆಮಾಡಬಾರದು. ಅದುವರೆಗೆ ಉದ್ದವನ್ನು ಉದ್ದದಿಂದ ಗುಣಿಸಿದರೆ ಕ್ಷೇತ್ರವಾಗುತ್ತಿತ್ತು. ಕ್ಷೇತ್ರಕ್ಕೆ ಉದ್ದವನ್ನು ಕೂಡುವುದು ಅಡಕೆಗೆ ಎಣ್ಣೆಯನ್ನು ಕೂಡಿದಂತೆ ಅರ್ಥವಿಲ್ಲದ ಮಾತಾಗಿತ್ತು. ಫರ್ಮಾ ಸಹ ಈ ಕಟ್ಟಿಗೆ ಒಳಪಟ್ಟೇ ಸಮೀಕರಣದ ಎರಡು ಪಕ್ಕಗಳಲ್ಲಿಯೂ ಕ್ಷೇತ್ರಗಳನ್ನೇ ಇಟ್ಟಿದ್ದನು. ಡೇಕಾರ್ಟನು ಒಂದು ಗೆರೆಯನ್ನು ‘ಒಂದು’ ಎಂದು ಗೊತ್ತುಮಾಡಿಕೊಂಡು, ಗುಣಲಬ್ಧವೂ ಒಂದು ಗೆರೆಯೇ ಆಗುವಂತೆ ಮಾಡಿದನು. ಯ = 2ಕ್ಷ + 1 ಎಂದು ನಾವು ನಿಶ್ಚಿಂತೆಯಿಂದ ಬರೆಯುವುದು ಆ ಸ್ವಾತಂತ್ರ್ಯದ ಫಲ. ಅವ್ಯಕ್ತಗಳಿಗೆ ಅಕ್ಷರಮಾಲೆಯ ಕೊನೆಯ ಅಕ್ಷರಗಳು, ತಿಳಿದವುಗಳಿಗೆ ಮೊದಲ ಅಕ್ಷರಗಳು ಎಂಬ ವಾಡಿಕೆಯೂ ಅವನದೇ.

ಆದರೆ ಅವನ ಪುಸ್ತಕದಲ್ಲಿ ಇಂದಿನ ಹುಡುಗನ ಚಿತ್ರವನ್ನು ಹುಡುಕುವವನು ನಿರಾಶನಾಗುವನು. ಒಂದಕ್ಕೊಂದು ಲಂಬವಾದ ಎರಡು ಅಕ್ಷಗಳು ಅಲ್ಲಿ ಎಳೆದಿಲ್ಲ. ಒಂದು ಆಧಾರರೇಖೆ, ಅದರಿಂದ ಅನೇಕ ಕಡೆ ಓರೆಯಾಗಿಯೇ ಹೊರಟ ಇನ್ನೊಂದು. ಋಣವಾದ ಉತ್ತರಗಳನ್ನು ಅವನು ಸುಳ್ಳು ಉತ್ತರಗಳೆಂದೇ ಕರೆದನು. ಅವನ ಕಣ್ಣು ಗ್ರೀಕರಿಂದ ಬಗೆಹರಿಯದೆ ಉಳಿದಿದ್ದ ಪಾಪ್ಪಸನ ದೊಡ್ಡ ಸಮಸ್ಯೆಯ ಮೇಲೆ ಇದ್ದಿತು; ಸರಳರೇಖೆಯು ದಾರಿಯಲ್ಲಿ ಸಿಕ್ಕಿದಾಗ ಎರಡು ಮಾತು ಹೇಳಿ ಮುಂದೆ ನಡೆದನು. ಪುಸ್ತಕವನ್ನು ಬೇಕೆಂದೇ ಕಠಿನಮಾಡಿ, ಅನೇಕ ವಿಷಯಗಳನ್ನು ಮುಂದಿನವರು ತಾವಾಗಿ ಕಂಡುಹಿಡಿಯುವ ಸಂತೋಷಕ್ಕಾಗಿ ಬಿಟ್ಟಿರುವುದಾಗಿಯೂ ಹೇಳಿಕೊಂಡನು. ಈ ಔದಾರ್ಯವು ಓದುಗರಿಗೆ ಎಷ್ಟು ರುಚಿಸಿತೋ!

ಹಾಗೆ ಬಿಟ್ಟುದನ್ನು ಎತ್ತಿಕೊಂಡವರು ಹಾಲೆಂಡಿನವರು. ಲೈಡನ್ನಿನ ಉಪಾಧ್ಯಾಯನಾದ ಫ್ರಾನ್ಸ್ ವಾನ್ ಸ್ಖೂಟೆನನು 1649ರಲ್ಲಿ ಆ ಪುಸ್ತಕವನ್ನು ವ್ಯಾಖ್ಯಾನಸಹಿತವಾಗಿ ಲ್ಯಾಟಿನ್ನಿಗೆ ತಂದನು. ಅವನಿಂದ ಗಣಿತವನ್ನು ಕಲಿತವರಲ್ಲಿ ಯಾನ್ ದೆ ವಿಟ್ ಎಂಬ ತರುಣನೊಬ್ಬನಿದ್ದನು. ಅವನು ಇಪ್ಪತ್ತೈದರ ಪ್ರಾಯದ ಸುಮಾರಿನಲ್ಲಿಯೇ ರೇಖೆಗಳ ಮೂಲತತ್ತ್ವಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಸ್ಖೂಟೆನನ ಅನುವಾದದ ಎರಡನೆಯ ಮುದ್ರಣವು 1659ರಿಂದ 1661ರವರೆಗೆ ಎರಡು ಸಂಪುಟಗಳಾಗಿ ಹೊರಟಾಗ ಅದೂ ಜೊತೆಯಲ್ಲಿ ಅಚ್ಚಾಯಿತು. ಸಮೀಕರಣದಿಂದ ರೇಖೆಯನ್ನು ಎಳೆಯುವ ಕ್ರಮವನ್ನು ಪಾಠದಂತೆ ಆದಿಯಿಂದ ಹೇಳಿದ ಮೊದಲ ಮುದ್ರಿತ ಗ್ರಂಥವು ಇದೆಂದು ಹೇಳಬಹುದು. ಅದರ ಎರಡನೆಯ ಭಾಗವು ಸರಳರೇಖೆಯಿಂದಲೇ ಆರಂಭವಾಗುವುದು. ಮೂಲಬಿಂದುವಿನಿಂದ ಹೊರಟ ರೇಖೆ, ಅದಕ್ಕೆ ಮೇಲೆ ಒಂದು ಪರಿಮಾಣವನ್ನು ಕೂಡಿದುದು, ಕಳೆದುದು, ಪರಿಮಾಣದಿಂದ ಕೆಳಕ್ಕಿಳಿಯುವುದು ಎಂದು ಅವನು ಬೇರೆ ಬೇರೆ ಪ್ರಕರಣಗಳನ್ನು ಹೇಳಬೇಕಾಯಿತು. ಇಂದು ಒಂದೇ ಸಾಲಿನಲ್ಲಿ ಅಡಗುವ ಮಾತಿಗೆ ಅಷ್ಟು ವಿಸ್ತಾರವೇಕೆಂದರೆ, ಋಣಸಂಖ್ಯೆಯನ್ನು ಅವನೂ ಒಪ್ಪಿರಲಿಲ್ಲ. ಅವನ ಗೆರೆಗಳು ಅಕ್ಷವನ್ನು ದಾಟಿ ಆಚೆಗೆ ಹೋಗುವುದಿಲ್ಲ.

ದೆ ವಿಟ್ಟನಿಗೆ ಗಣಿತಕ್ಕೆ ಬಿಡುವಾಗಲಿಲ್ಲ. 1653ರಿಂದ ಹಾಲೆಂಡಿನ ಮುಖ್ಯ ಆಡಳಿತಗಾರನಾಗಿ ಸುಮಾರು ಇಪ್ಪತ್ತು ವರ್ಷ ರಾಜ್ಯದ ಭಾರವನ್ನು ಹೊತ್ತನು. 1672ರಲ್ಲಿ ಫ್ರಾನ್ಸಿನ ಸೈನ್ಯವು ದೇಶದ ಮೇಲೆ ಬಿದ್ದಾಗ ಜನರ ಕೋಪವೆಲ್ಲ ಅವನ ಮೇಲೆ ತಿರುಗಿತು. ಆಗಸ್ಟ್ 20ನೆಯ ದಿನ ಹೇಗ್ ನಗರದ ಬೀದಿಯಲ್ಲಿ ಜನರ ಗುಂಪು ಅವನನ್ನೂ ಅವನ ಅಣ್ಣ ಕಾರ್ನೇಲಿಸನನ್ನೂ ಕೊಂದು ಹೆಣಗಳನ್ನು ಛಿದ್ರಮಾಡಿತು. ರಾಜಕೀಯ ಚರಿತ್ರೆಯಲ್ಲಿ ಅವನ ಹೆಸರು ಈ ಕಾರಣದಿಂದ ಉಳಿದಿದೆ. ಗಣಿತದ ತರಗತಿಯಲ್ಲಿ ಅವನನ್ನು ಯಾರೂ ಹೆಸರಿಸುವುದಿಲ್ಲ.

ಗೆರೆಯು ಅಕ್ಷವನ್ನು ದಾಟಲು ಇಂಗ್ಲೆಂಡಿನವರು ದಾರಿಮಾಡಿದರು. ಜಾನ್ ವಾಲಿಸನು 1685ರ ತನ್ನ ಬೀಜಗಣಿತದಲ್ಲಿ ಋಣವನ್ನು ನಡಿಗೆಯಿಂದ ವಿವರಿಸಿದನು: ಐದು ಗಜ ಮುಂದಕ್ಕೆ ಹೋಗಿ ಎಂಟು ಗಜ ಹಿಂದಕ್ಕೆ ಬಂದವನು ಹೊರಟ ಸ್ಥಳಕ್ಕಿಂತ ಮೂರು ಗಜ ಹಿಂದೆ ಇರುವನು. ಭಾಸ್ಕರನ ಎದುರು ದಿಕ್ಕು ಹೀಗೆ ಇನ್ನೊಂದು ಬಾಗಿಲಿನಿಂದ ಬಂದಿತು. ಅವನಿಂದ ಇವನಿಗೆ ತಲುಪಿತೆಂದು ನಾವು ಹೇಳುತ್ತಿಲ್ಲ. 1704ರಲ್ಲಿ ಅಚ್ಚಾದ ನ್ಯೂಟನ್ನನ ಮೂರನೆಯ ಘಾತದ ರೇಖೆಗಳ ಪ್ರಬಂಧದಲ್ಲಿ ಅಕ್ಷಗಳೆರಡೂ ಇವೆ, ನಾಲ್ಕು ಪಾದಗಳಲ್ಲಿಯೂ ರೇಖೆಗಳು ಧಾರಾಳವಾಗಿ ಸಂಚರಿಸುತ್ತವೆ. ಬಯಲು ಆಗ ಪೂರ್ತಿಯಾಯಿತು. ನಿರ್ದೇಶಾಂಕಗಳೆಂದು ನಾವು ಹೇಳುವುದಕ್ಕೆ ಯೂರೋಪಿನಲ್ಲಿ ಬಳಕೆಯಾಗಿರುವ ಹೆಸರನ್ನು 1692ರಲ್ಲಿ ಕೊಟ್ಟವನು ಜರ್ಮನಿಯ ಲೈಬ್ನಿಟ್ಸ್. ಆದರೂ ಬಡಪಾಯಿ ಸರಳರೇಖೆಗೆ ತನ್ನದೇ ಆದ ಅಧ್ಯಾಯವು ದೊರೆಯಲು ಇನ್ನೂ ತಡವಾಯಿತು. ದೊಡ್ಡವರಿಗೆಲ್ಲ ವಕ್ರರೇಖೆಗಳ ಮೇಲೆಯೇ ಮೋಹ. ಒಂದು ಬಿಂದುವೂ ಏರಿಕೆಯೂ ಗೊತ್ತಿದ್ದರೆ ರೇಖೆಯ ಸಮೀಕರಣವನ್ನು ಬರೆಯುವ, ಇಂದು ಪ್ರತಿ ಪಠ್ಯಪುಸ್ತಕದಲ್ಲಿಯೂ ಇರುವ ಸೂತ್ರವು ಫ್ರಾನ್ಸಿನ ಮಾಂಜನ ಬರಹದಲ್ಲಿ ಕಾಣಿಸಿಕೊಂಡುದು 1780ರ ದಶಕದಲ್ಲಿ. ಫರ್ಮಾನ ಪ್ರಬಂಧಕ್ಕೆ ಆಗ ಸುಮಾರು ನೂರೈವತ್ತು ವರ್ಷ ತುಂಬಿದ್ದಿತು.

ಇಷ್ಟೆಲ್ಲ ಪಂಡಿತರ ನಡುವಣ ವ್ಯವಹಾರ. ಶಾಲೆಯ ಮಕ್ಕಳಿಗೆ ಚೌಕುಳಿ ಕಾಗದವನ್ನು ಕೊಡಿಸಿದವರಲ್ಲಿ ಜಾನ್ ಪೆರಿ ಎಂಬ ಎಂಜಿನಿಯರನು ಮುಖ್ಯನು. ಇಂಗ್ಲೆಂಡಿನ ಶಾಲೆಗಳಲ್ಲಿ ಯೂಕ್ಲಿಡನನ್ನು ಬಾಯಿಪಾಠ ಮಾಡಿಸುವುದನ್ನು ಅವನು ಕಟುವಾಗಿ ಖಂಡಿಸಿ, ಹುಡುಗರು ತಾವೇ ಅಳೆದು, ಎಳೆದು ಕಲಿಯಬೇಕೆಂದು 1901ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ವಾದಿಸಿದನು. ಅವನ ಮಾತು ಗೆದ್ದಿತು. ಚೌಕುಳಿ ಕಾಗದವು ಪಾಠಶಾಲೆಗಳಲ್ಲಿ ಹರಡಿತು. ವಿಷಾದದ ಸಂಗತಿಯೆಂದರೆ, ಬಾಯಿಪಾಠವನ್ನು ಬಿಡಿಸಲೆಂದು ಬಂದ ಗ್ರಾಫನ್ನೇ ಅನೇಕ ಕಡೆ ಈಗ ಬಾಯಿಪಾಠ ಮಾಡಿಸುತ್ತಾರೆ. ಮೂರು ಚುಕ್ಕೆ, ಒಂದು ಸ್ಕೇಲು, ಎರಡು ಅಂಕ. ಗೆರೆಯ ಮೇಲಣ ಪ್ರತಿಯೊಂದು ಸ್ಥಳವೂ ಸಮೀಕರಣಕ್ಕೆ ಒಂದು ಉತ್ತರವೆಂದೂ, ಗೆರೆಯ ಹೊರಗಣ ಯಾವ ಸ್ಥಳವೂ ಉತ್ತರವಲ್ಲವೆಂದೂ ಹುಡುಗನಿಗೆ ಯಾರೂ ಹೇಳುವುದಿಲ್ಲ. ಅದನ್ನು ಹೇಳದಿದ್ದರೆ ಎರಡು ಗೆರೆಗಳು ಕೂಡುವ ಸ್ಥಳದ ಮಹಿಮೆಯು ಅವನಿಗೆ ತಿಳಿಯುವ ಬಗೆ ಹೇಗೆ?

ರೈಲ್ವೆಯವರು ಅದನ್ನು ಚೆನ್ನಾಗಿ ಬಲ್ಲರು. ಫ್ರಾನ್ಸಿನ ಮರೇ ಎಂಬ ವಿಜ್ಞಾನಿಯು 1885ರ ತನ್ನ ಪುಸ್ತಕದಲ್ಲಿ ಪ್ಯಾರಿಸಿನಿಂದ ಲಿಯಾನ್ ನಗರಕ್ಕೆ ಓಡುವ ರೈಲುಗಳ ವೇಳಾಪಟ್ಟಿಯನ್ನು ಇಬ್ರಿ ಎಂಬ ಎಂಜಿನಿಯರನ ಕ್ರಮದಂತೆ ನಕ್ಷೆಯಾಗಿ ಕೊಟ್ಟಿದ್ದಾನೆ. ಅಡ್ಡಲಾಗಿ ಗಂಟೆಗಳು, ಉದ್ದಕ್ಕೆ ನಿಲ್ದಾಣಗಳು. ಒಂದೊಂದು ರೈಲೂ ಒಂದೊಂದು ಓರೆಗೆರೆ. ವೇಗದ ರೈಲಿನ ಗೆರೆಯು ಕಡಿದು, ನಿಧಾನದ ರೈಲಿನದು ಚಪ್ಪಟೆ; ಹಿಂದಿರುಗಿ ಬರುವ ರೈಲಿನ ಗೆರೆಯು ಎದುರು ಕಡೆಗೆ ಓರೆಯಾಗುವುದು.

ನಾವೂ ಒಂದನ್ನು ಎಳೆಯೋಣ. ಎರಡು ಊರುಗಳ ನಡುವೆ 120 ಕಿಲೋಮೀಟರು, ಹಳಿ ಒಂದೇ. ಬೆಳಗ್ಗೆ ಆರು ಗಂಟೆಗೆ ಮೊದಲ ಊರಿನಿಂದ ಜನರ ಗಾಡಿಯು ಗಂಟೆಗೆ 40 ಕಿಲೋಮೀಟರಿನಂತೆ ಹೊರಡುವುದು; ಕ್ಷ ಗಂಟೆಗಳ ತರುವಾಯ ಅದು ಇರುವ ಸ್ಥಳ ಯ = 40ಕ್ಷ. ಅದೇ ಹೊತ್ತಿಗೆ ಆ ಕಡೆಯ ಊರಿನಿಂದ ಸಾಮಾನಿನ ಗಾಡಿಯು ಗಂಟೆಗೆ 20ರಂತೆ ಈ ಕಡೆಗೆ ಹೊರಡುವುದು; ಅದರ ಸಮೀಕರಣ ಯ = 120 − 20ಕ್ಷ. ಒಂದು ಗೆರೆ ಮೂಲಬಿಂದುವಿನಿಂದ ಏರುವುದು, ಇನ್ನೊಂದು 120ರಿಂದ ಇಳಿಯುವುದು. ಅವೆರಡೂ ಕ್ಷ 2, ಯ 80 ಇರುವ ಸ್ಥಳದಲ್ಲಿ ಕೂಡುವುವು. ಎಂಟು ಗಂಟೆಗೆ, ಮೊದಲ ಊರಿನಿಂದ 80ನೆಯ ಕಿಲೋಮೀಟರಿನಲ್ಲಿ, ಗಾಡಿಗಳೆರಡೂ ಎದುರುಬದುರಾಗಿ ನಿಂತಿರುವುವು. ಅಲ್ಲಿ ಒಂದು ನಿಲ್ದಾಣವೂ, ಸಾಮಾನಿನ ಗಾಡಿಯನ್ನು ಪಕ್ಕಕ್ಕೆ ಸರಿಸಿ ಕ್ರಾಸಿಂಗ್ ಮಾಡಿಸಲು ಎರಡನೆಯ ಹಳಿಯೂ ಇರಬೇಕು.